ಮಾವನ ಕಾಳಿ-ಪೀಲಿಯನ್ನು ಒಂಬತ್ತು ಸೆಂಟಿಮೀಟರಿನಲ್ಲಿ ಕಟ್ಟುವುದು ಹೇಗೆ?

ಪ್ರಶ್ನೆ: ನನ್ನ ಸೋದರಮಾವ ಕುಂದಾಪುರ ಕಡೆಯವರು. ಮುಂಬಯಿಯಲ್ಲಿ ಬಹಳ ವರ್ಷ ಸ್ವಂತ ಪದ್ಮಿನಿ ಟ್ಯಾಕ್ಸಿ ಓಡಿಸಿದರು. ಗಾಡಿ ಗುಜರಿಗೆ ಹೋಗಿ ಕಾಲವಾಯಿತು, ಮಾವ ಈಗ ಊರಲ್ಲಿದ್ದಾರೆ. ಈ ಸಲ ಆಯುಧಪೂಜೆಯ ದಿನ ಅವರ ಗಾಡಿಯದೇ ಒಂದು ಪುಟ್ಟ ಮಾದರಿಯನ್ನು ಅವರ ಕೈಗಿಡಬೇಕು ಎಂದು ಆಸೆ. ಇಟಲಿಯ ಫಿಯಟ್ 1100 ಡಿ ಕಾರಿನ 1:43 ಅಳತೆಯ ಡೈ-ಕಾಸ್ಟ್ (ಎರಕದ ಲೋಹದ) ಮಾದರಿ ಸಿಕ್ಕಿದೆ, ಕೆನೆ ಬಣ್ಣದ್ದು. ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಈ ಮಳೆಗಾಲದಲ್ಲಿ, ಇದನ್ನು ಕಾಳಿ-ಪೀಲಿ, ಅಂದರೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ, ಮಾಡಲಿಕ್ಕಾಗುತ್ತದೆಯೇ? ಯಾವ ಪೇಂಟ್? ನಂಬರ್ ಪ್ಲೇಟ್ ಹೇಗೆ? ಹಳೆಯ ಗಾಡಿ ಅಂತ ಕಾಣಲು ತುಕ್ಕು, ಕೊಳೆ ಹಚ್ಚಬೇಕೇ?

ಉತ್ತರ: ಆಗುತ್ತದೆ. ಮಳೆಗಾಲದಲ್ಲೂ ಆಗುತ್ತದೆ, ಚಿಕ್ಕ ಫ್ಲ್ಯಾಟಿನಲ್ಲೂ ಆಗುತ್ತದೆ. ಆದರೆ ಪೇಂಟ್ ಡಬ್ಬಿ ತರುವ ಮೊದಲು ಒಂದು ಮಾತು ತೀರ್ಮಾನವಾಗಬೇಕು. ನೀವು ಮಾಡಹೊರಟಿರುವುದು ಮುಂಬಯಿ ಟ್ಯಾಕ್ಸಿಯನ್ನೋ, ಮಾವನ ಟ್ಯಾಕ್ಸಿಯನ್ನೋ? ಕಪ್ಪು-ಹಳದಿ ಪ್ಲಾಸ್ಟಿಕ್ ಟ್ಯಾಕ್ಸಿ ಯಾವ ಆಟಿಕೆ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ನೋಡಿ ಮಾವ ಖುಷಿಪಟ್ಟಾರು, ಶೋಕೇಸಿನಲ್ಲೂ ಇಟ್ಟಾರು. ತನ್ನದೇ ಗಾಡಿ ಅಂತ ಅನ್ನಿಸಬೇಕಾದರೆ ಅವರಿಗೆ ಮಾತ್ರ ಗೊತ್ತಿರುವ ನಾಲ್ಕೈದು ಸಂಗತಿಗಳು ಅದರಲ್ಲಿ ಸರಿಯಾಗಿ ಕೂತಿರಬೇಕು. ಬಣ್ಣ ಒಂದಿಷ್ಟು ಏರುಪೇರಾದರೂ ಅವರು ಕ್ಷಮಿಸುತ್ತಾರೆ. ಮೀಟರ್ ಇಲ್ಲದ ಗಾಡಿಯನ್ನು ಮಾತ್ರ ಅವರ ಕಣ್ಣು ಒಪ್ಪುವುದಿಲ್ಲ.

ಹಾಗಾಗಿ ಮೊದಲ ಕೆಲಸ ಫೋಟೋ ಹುಡುಕುವುದು. ಅತ್ತೆಗೆ, ಅವರ ಮಕ್ಕಳಿಗೆ ಫೋನ್ ಮಾಡಿ. ಆ ಕಾಲದಲ್ಲಿ ಗಾಡಿಯದೇ ಫೋಟೋ ಅಂತ ಯಾರೂ ತೆಗೆಸುತ್ತಿರಲಿಲ್ಲ, ಆದರೆ ಮದುವೆ ಆಲ್ಬಮ್ಮಿನಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೋದಲ್ಲಿ, ಹಳೆಯ ಆಯುಧಪೂಜೆಯ ಫೋಟೋದಲ್ಲಿ ಹಿಂದೆಲ್ಲೋ ಗಾಡಿ ನಿಂತಿರುತ್ತದೆ. ಒಂದು ಮೂಲೆಯಲ್ಲಿ ಬಾನೆಟ್ಟಿನ ತುದಿ ಕಂಡರೂ ಸಾಕು, ಅದನ್ನು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದು ಕಳುಹಿಸಲು ಹೇಳಿ. ಆಮೇಲೆ ಅತ್ತೆಯನ್ನು ಕೂರಿಸಿ ಕೇಳಿ: ಹಿಂದಿನ ಗಾಜಿನ ಮೇಲೆ ಏನು ಬರೆಸಿದ್ದರು? ಸೀಟಿನ ಕವರು ಯಾವ ಬಣ್ಣದ್ದು? ಕನ್ನಡಿಗೆ ಏನು ನೇತುಹಾಕುತ್ತಿದ್ದರು? ಮೇಲೆ ಕ್ಯಾರಿಯರ್ ಇತ್ತೇ? ಮನೆಯಲ್ಲಿ ಆರ್‌ಸಿ ಬುಕ್ಕಿನ ಜೆರಾಕ್ಸೋ, ಹಳೆಯ ಇನ್ಶೂರೆನ್ಸ್ ಕಾಗದವೋ ಇದ್ದರೆ ಗಾಡಿ ಯಾವ ವರ್ಷದ್ದು ಅಂತಲೂ ತಿಳಿಯುತ್ತದೆ. ಮಿಕ್ಕದ್ದೆಲ್ಲ ಆ ವರ್ಷವನ್ನೇ ಹಿಡಿದುಕೊಂಡು ಬರುತ್ತದೆ.

ಹೇಗೆಂದರೆ, ನಾವು ಸುಮ್ಮನೆ ‘ಫಿಯಟ್’ ಅನ್ನುವ ಗಾಡಿ ಒಂದೇ ಗಾಡಿಯಲ್ಲ. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ 50ರ ದಶಕದಲ್ಲಿ ತಯಾರಾದ ಗುಂಡು ಬೆನ್ನಿನ 1100 ಒಂದು. ಮುಂಬಯಿಯವರು ಡುಕ್ಕರ್ (ಹಂದಿ) ಫಿಯಟ್ ಅಂತ ಪ್ರೀತಿಯಿಂದ ಕರೆಯುತ್ತಿದ್ದದ್ದು ಅದನ್ನು. 1964ರಲ್ಲಿ ಬಂದದ್ದು 1100 ಡಿಲೈಟ್. ಹಿಂದಿನ ಎರಡು ಮೂಲೆ ಚೂಪಾಗಿ ಎದ್ದ, ಪೆಟ್ಟಿಗೆಯ ಆಕಾರದ ಗಾಡಿ. ಅದೇ ಮೈಕಟ್ಟು 70ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಅಂತ, ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡು 2000ದ ಆಸುಪಾಸಿನವರೆಗೂ ಬಂತು. ನಿಮ್ಮ ಇಟಲಿಯ 1100 ಡಿ ಈ ಎರಡನೆಯ ಮನೆತನದ್ದು. ಮೈಯೆಲ್ಲ ಸರಿ ಇದೆ. 1:43 ಅಂದರೆ ನಿಜವಾದ 3.93 ಮೀಟರ್ ಉದ್ದದ ಗಾಡಿ ನಿಮ್ಮ ಅಂಗೈಯಲ್ಲಿ ಒಂಬತ್ತು ಸೆಂಟಿಮೀಟರ್ ಚಿಲ್ಲರೆ.

ಸರಿಯಿಲ್ಲದ್ದು ಎರಡು. ಒಂದು, ಮುಖ. ಪದ್ಮಿನಿಯ ಮುಂದಿನ ಜಾಲರಿ ಇಟಲಿಯ ಗಾಡಿಯದ್ದಲ್ಲ. ಎರಡನೆಯದು ಇನ್ನೂ ದೊಡ್ಡದು, ಆದರೆ ಹೆಚ್ಚಿನವರು ಗಮನಿಸುವುದೇ ಇಲ್ಲ. ಯುರೋಪಿನವರಿಗಾಗಿ ಮಾಡಿದ ಮಾದರಿಯಾದ್ದರಿಂದ ಸ್ಟಿಯರಿಂಗ್ ಎಡಗಡೆ ಇರುತ್ತದೆ. ಜೀವಮಾನವಿಡೀ ಬಲಗಡೆ ಕೂತು ಓಡಿಸಿದ ಮನುಷ್ಯನಿಗೆ ಎಡಗಡೆ ಸ್ಟಿಯರಿಂಗಿನ ಗಾಡಿ ಕೊಟ್ಟು ‘ಇದು ನಿಮ್ಮದು’ ಅನ್ನಲಿಕ್ಕಾಗುವುದಿಲ್ಲ. ಅವರು ಕಿಟಕಿಯಲ್ಲಿ ಬಗ್ಗಿ ನೋಡುವ ಮೊದಲ ಜಾಗವೇ ಅದು.

ಅದೃಷ್ಟಕ್ಕೆ ಇದು ಸುಲಭದ ಕೆಲಸ. ಮಾದರಿಯನ್ನು ತಿರುವಿ ಹಾಕಿ ನೋಡಿದರೆ ಅಡಿಯಲ್ಲಿ ಎರಡು ಸಣ್ಣ ಸ್ಕ್ರೂ ಕಾಣುತ್ತವೆ. ಹಲವು ಮಾದರಿಗಳಲ್ಲಿ ಪೀಠಕ್ಕೆ ಹಿಡಿದ ಸ್ಕ್ರೂಗಳೇ ಮೈಯನ್ನೂ ತಳವನ್ನೂ ಜೋಡಿಸಿರುತ್ತವೆ. ವಾಚ್ ರಿಪೇರಿಯವರ ಸ್ಕ್ರೂಡ್ರೈವರ್ ಬೇಕು. ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ತಲೆ ಸವೆಸಿದರೆ ಅಲ್ಲಿಗೇ ಕತೆ ನಿಂತಿತು. ಬಿಚ್ಚಿದಾಗ ಲೋಹದ ಮೈ, ಪ್ಲಾಸ್ಟಿಕ್ಕಿನ ಗಾಜು, ಸೀಟು-ಡ್ಯಾಶ್‌ಬೋರ್ಡಿನ ತೊಟ್ಟಿ, ಚಕ್ರವಿರುವ ತಳ, ಹೀಗೆ ನಾಲ್ಕು ಭಾಗ ಸಿಗುತ್ತವೆ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದುಕೊಳ್ಳಿ. ಸ್ಟಿಯರಿಂಗ್ ಚಕ್ರ ಸಾಮಾನ್ಯವಾಗಿ ಬೇರೆಯೇ ತುಂಡು, ಡ್ಯಾಶ್‌ಬೋರ್ಡಿನ ತೂತಿಗೆ ಒಂದು ತೊಟ್ಟು ಅಂಟಿನಿಂದ ನಿಂತಿರುತ್ತದೆ. ಚಿಮುಟದಿಂದ ಮೆಲ್ಲಗೆ ಅಲ್ಲಾಡಿಸಿದರೆ ಬಿಟ್ಟುಕೊಳ್ಳುತ್ತದೆ. ಹಳೆಯ ತೂತಿಗೆ ಪುಟ್ಟಿ ತುಂಬಿ, ಬಲಗಡೆ ಅಷ್ಟೇ ಎತ್ತರದಲ್ಲಿ, ಅಷ್ಟೇ ಓರೆಯಲ್ಲಿ ಕೈಯಿಂದ ತಿರುಗಿಸುವ ಪಿನ್‌ವೈಸಿನಲ್ಲಿ ಅರ್ಧ ಅಥವಾ ಮುಕ್ಕಾಲು ಮಿಲಿಮೀಟರಿನ ತೂತು ಕೊರೆಯಿರಿ. ಮೋಟಾರಿನ ಡ್ರಿಲ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಪಿನ್‌ವೈಸ್, ಸಣ್ಣ ಬಿಟ್ಟು, ಸೂಜಿಯಂಥ ಅರಗಳು ಮುಂಬಯಿಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳ ಸಾಲಿನಲ್ಲಿ ಸಿಗುತ್ತವೆ. ಹೆಚ್ಚಿನ ಪದ್ಮಿನಿಗಳ ಗೇರ್ ಕಡ್ಡಿ ನೆಲದ ಮೇಲಲ್ಲ, ಸ್ಟಿಯರಿಂಗ್ ಕಂಬಕ್ಕೇ ಇರುವುದು. ಮಾದರಿಯಲ್ಲಿ ಅದಿಲ್ಲದಿದ್ದರೆ ಗುಂಡುಸೂಜಿಯ ತುಂಡೊಂದನ್ನು ಕಂಬಕ್ಕೆ ಅಂಟಿಸಿ. ಸ್ಪೀಡೋಮೀಟರಿನ ಡಬ್ಬಿಯೂ ಎಡದಿಂದ ಬಲಕ್ಕೆ ಬರಬೇಕು. ಬ್ಲೇಡಿನಿಂದ ಕೆತ್ತಿ ತೆಗೆದು ಈ ಕಡೆ ಅಂಟಿಸಿದರೆ ಆಯಿತು. ಹೊರಗಿನ ವೈಪರ್ ಮಲಗುವ ದಿಕ್ಕೂ ಬಲಗಡೆ ಸ್ಟಿಯರಿಂಗಿನ ಗಾಡಿಯಲ್ಲಿ ತಿರುವುಮುರುವು. ಅವು ಬಿಡಿ ತುಂಡಾಗಿದ್ದರೆ ಬದಲಿಸಿ, ಮೈಯಲ್ಲೇ ಎರಕವಾಗಿದ್ದರೆ ಬಿಟ್ಟುಬಿಡಿ.

ಜಾಲರಿಗೆ ಕೈ ಹಾಕಬೇಕೇ ಅಂದರೆ, ಹಾಕಿ ಅನ್ನುತ್ತೇನೆ. ಫೋಟೋ ಎದುರಿಗಿಟ್ಟುಕೊಂಡು, ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಸಣ್ಣ ಪಟ್ಟಿಗಳನ್ನು ಕತ್ತರಿಸಿ ಹಳೆಯ ಜಾಲರಿಯ ಮೇಲೆ ಜೋಡಿಸಿ, ಸಂದುಗಳಿಗೆ ಕಪ್ಪು ಬಿಡಿ. ಒಂದು ಸಂಜೆ ಹಿಡಿಯುವ ಕೆಲಸ. ಗಾಡಿಯ ಮುಖ ಬದಲಾಗಿಬಿಡುತ್ತದೆ.

ಈಗ ಬಣ್ಣ ತೆಗೆಯುವ ವಿಷಯ. ಡೈ-ಕಾಸ್ಟ್ ಅಂದರೆ ಕಬ್ಬಿಣವಲ್ಲ, ಜಮಾಕ್ ಅನ್ನುವ ಸತುವಿನ ಮಿಶ್ರಲೋಹ. ಅದರಲ್ಲಿ ಶೇಕಡಾ ನಾಲ್ಕರಷ್ಟು ಅಲ್ಯೂಮಿನಿಯಂ ಇರುತ್ತದೆ. ಇದು ತಿಳಿದಿದ್ದರೆ ಎರಡು ಅನಾಹುತ ತಪ್ಪುತ್ತದೆ. ಪೇಂಟ್ ಕೀಳಲು ಕಾಸ್ಟಿಕ್ ಸೋಡಾ, ಮೋರಿ ಬಿಡಿಸುವ ಪುಡಿ ಬಳಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಾಸ್ಟಿಕ್ ಸತುವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ, ಹೈಡ್ರೋಜನ್ ಅನಿಲ ಬಿಡುತ್ತದೆ, ಬಾಗಿಲಿನ ನಯವಾದ ಗೆರೆಗಳೆಲ್ಲ ಮಾಯವಾಗುತ್ತವೆ. ವಿನಿಗರಿನಂಥ ಆಮ್ಲಗಳೂ ಬೇಡ. ಅಸಿಟೋನ್ ಸಾಕು. ಲೋಹದ ಮೈಯನ್ನು ಮಾತ್ರ ಗಾಜಿನ ಬಾಟಲಿಯಲ್ಲಿಟ್ಟು, ಮುಳುಗುವಷ್ಟು ಅಸಿಟೋನ್ ಹಾಕಿ ಮುಚ್ಚಿಡಿ. ರಾತ್ರಿ ಕಳೆಯುವುದರೊಳಗೆ ಬಣ್ಣ ಸುಕ್ಕುಗಟ್ಟಿ ಎದ್ದಿರುತ್ತದೆ, ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಬರುತ್ತದೆ. ಪ್ಲಾಸ್ಟಿಕ್ಕಿನ ಗಾಜಿಗೆ ಅಸಿಟೋನಿನ ಒಂದು ಹನಿ ತಾಗಿದರೂ ಅದು ಮಂಜಾಗಿ ಹೋಗುತ್ತದೆ. ಕೈಗೆ ಬ್ಯುಟೈಲ್ ರಬ್ಬರಿನ ಗವಸು ಹಾಕಿ, ಬಾಲ್ಕನಿಯಲ್ಲಿ ಕೆಲಸ ಮಾಡಿ. ಗ್ಯಾಸ್ ಒಲೆಯಷ್ಟೇ ಅಲ್ಲ, ದೇವರ ದೀಪವೂ ಉರಿಯುತ್ತಿರಬಾರದು. ಸಣ್ಣ ಮನೆಗಳಲ್ಲಿ ಇದನ್ನೇ ಜನ ಮರೆಯುವುದು.

ಎರಡನೆಯ ಅನಾಹುತ ಹಾರ್ಡ್‌ವೇರ್ ಅಂಗಡಿಯ ಸಾದಾ ಆಯಿಲ್ ಪೇಂಟು. ಎಣ್ಣೆ ಮೂಲದ ಎನಾಮೆಲನ್ನು ಬರೀ ಸತುವಿನ ಮೇಲೆ ಹಚ್ಚಿದರೆ, ಎರಡೂ ಸೇರಿ ನಡುವೆ ಸಾಬೂನಿನಂಥ ಪದರ ಹುಟ್ಟುತ್ತದೆ. ಮೊದಲ ತಿಂಗಳು ಚೆನ್ನಾಗಿ ಕಂಡು, ಆಮೇಲೆ ಹಪ್ಪಳವಾಗಿ ಏಳುತ್ತದೆ. ಆದ್ದರಿಂದ ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕೊಂಚ ಕಚ್ಚಿ ಹಿಡಿಯುವ ಪ್ರೈಮರ್, ತೆಳ್ಳಗೆ ಒಂದು ಕೋಟು. ಅದರ ಮೇಲೆ ಬಿಳಿ ಪ್ರೈಮರ್. ಬೂದು ಬಣ್ಣದ್ದಲ್ಲ, ಬಿಳಿಯೇ ಬೇಕು, ಏಕೆಂದರೆ ಹಳದಿ ಮುಚ್ಚುವ ಬಣ್ಣವಲ್ಲ. ಬೂದಿಯ ಮೇಲೆ ಹಚ್ಚಿದರೆ ಹಸಿರು ಛಾಯೆಗೆ ತಿರುಗಿ ಕಳೆಗುಂದುತ್ತದೆ. ಅಸಿಟೋನಿನ ಸಹವಾಸವೇ ಬೇಡ ಅನ್ನಿಸಿದರೆ ಇನ್ನೊಂದು ದಾರಿಯಿದೆ. ಕಂಪನಿಯ ಬಣ್ಣ ತೆಳ್ಳಗೆ, ಗಟ್ಟಿಯಾಗಿ ಕೂತಿದ್ದರೆ ಅದನ್ನು ಕೀಳದೆ 1500 ನಂಬರಿನ ವಾಟರ್ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಸೋಪುನೀರಲ್ಲಿ ತೊಳೆದು, ಮೇಲೆ ಪ್ರೈಮರ್ ಹೊಡೆಯಬಹುದು. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಬಣ್ಣ ದಪ್ಪವಾಗಬಾರದು ಅನ್ನುವುದಕ್ಕೆ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ನಿಮ್ಮ ಪುಟ್ಟ ಗಾಡಿಯ ಮೇಲೆ 0.05 ಮಿಲಿಮೀಟರ್ ಬಣ್ಣ ಕೂತರೆ, ಅದು ನಿಜವಾದ ಗಾಡಿಯ ಮೇಲೆ ಎರಡು ಮಿಲಿಮೀಟರಿಗೂ ಹೆಚ್ಚು ದಪ್ಪದ ಬಣ್ಣಕ್ಕೆ ಸಮ. ಬಾಗಿಲಿನ ಸಂದು ಮುಚ್ಚಿಹೋಗುತ್ತದೆ, ಗಾಡಿ ಆಟಿಕೆಯಾಗುತ್ತದೆ. ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಚೆನ್ನಾಗಿ ಅಲ್ಲಾಡಿಸಿ, ಒಂದು ಗೇಣು ದೂರದಿಂದ, ಗಾಡಿಯ ಆಚೆ ಶುರುಮಾಡಿ ಈಚೆ ನಿಲ್ಲಿಸುವಂತೆ ಸರ್ರನೆ ಎಳೆಯಿರಿ. ಮೊದಲ ಎರಡು ಕೋಟಿನಲ್ಲಿ ಕೆಳಗಿನದು ಕಾಣುತ್ತಿದ್ದರೆ ಗಾಬರಿ ಬೇಡ. ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನಿನ ಮೇಲೆ ಕೈ ಪಳಗಿಸಿಕೊಳ್ಳಿ.

ಆ ಚಮಚಕ್ಕೆ ಇನ್ನೊಂದು ಉಪಯೋಗವೂ ಇದೆ. ಹಳದಿಯ ಛಾಯೆಯನ್ನು ಹಳೆಯ ಫೋಟೋ ನೋಡಿ ಆರಿಸಬೇಡಿ. ಮೂವತ್ತು ವರ್ಷದ ಕಲರ್ ಪ್ರಿಂಟಿನಲ್ಲಿ ಯಾವ ಬಣ್ಣವೂ ತನ್ನ ಜಾಗದಲ್ಲಿ ಉಳಿದಿರುವುದಿಲ್ಲ. ಪದ್ಮಿನಿ ಹೋದರೂ ಕಪ್ಪು-ಹಳದಿ ಟ್ಯಾಕ್ಸಿ ಮುಂಬಯಿಯಲ್ಲಿ ಇನ್ನೂ ಓಡುತ್ತಿದೆಯಲ್ಲ. ಹಳದಿ ಹಚ್ಚಿದ ಎರಡು ಮೂರು ಚಮಚ ಚೀಲದಲ್ಲಿಟ್ಟುಕೊಂಡು ದಾದರ್ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, ಬಿಸಿಲಿನಲ್ಲಿ ಪಕ್ಕದಲ್ಲಿ ಹಿಡಿದು ನೋಡಿ. ನಿಂಬೆ ಹಳದಿಯಲ್ಲ, ಸ್ವಲ್ಪ ಕಿತ್ತಳೆಯ ಕಡೆಗೆ ವಾಲಿದ, ಬೆಚ್ಚಗಿನ ಹಳದಿ ಅದು. ಚಾಲಕರು ಯಾಕೆಂದು ಕೇಳಿದರೆ ಹೇಳಿ. ವಿಷಯ ತಿಳಿದರೆ ತಮ್ಮ ಹಳೆಯ ಪದ್ಮಿನಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸುವವರು ಅಲ್ಲಿದ್ದಾರೆ.

ಮೊದಲು ಮೇಲ್ಭಾಗಕ್ಕೆ ಹಳದಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಆರು ಮಿಲಿಮೀಟರಿನ ಟಮಿಯಾ ಕಂಪನಿಯ ಮಾಸ್ಕಿಂಗ್ ಟೇಪ್. ಹಳದಿ ಎಲ್ಲಿ ನಿಂತು ಕಪ್ಪು ಎಲ್ಲಿ ಶುರುವಾಗುತ್ತದೆ, ಕಿಟಕಿಯ ಕಂಬಗಳಿಗೆ ಯಾವ ಬಣ್ಣ ಅನ್ನುವುದನ್ನು ಮಾವನ ಗಾಡಿಯ ಫೋಟೋ ನೋಡಿಯೇ ನಿರ್ಧರಿಸಿ, ಊಹೆಯಿಂದಲ್ಲ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ, ಆ ಅಂಚಿನ ಮೇಲೆ ಮತ್ತೊಮ್ಮೆ ಹಳದಿಯನ್ನೇ ತೆಳ್ಳಗೆ ಹೊಡೆಯಿರಿ. ಟೇಪಿನಡಿ ಏನಾದರೂ ನುಸುಳುವುದಿದ್ದರೆ ಹಳದಿಯೇ ನುಸುಳಿ ಸಂದು ಮುಚ್ಚಿಕೊಳ್ಳುತ್ತದೆ, ಆಮೇಲೆ ಬರುವ ಕಪ್ಪಿಗೆ ದಾರಿ ಇರುವುದಿಲ್ಲ. ಕೊನೆಯ ಕಪ್ಪು ಕೋಟು ಅರೆ ಒಣಗಿದಾಗಲೇ ಟೇಪನ್ನು ಅದರ ಮೇಲೇ ಮಡಚಿದಂತೆ ಹಿಂದಕ್ಕೆ ಎಳೆದು ತೆಗೆಯಿರಿ. ಆ ಗೆರೆ ನೇರವಾಗಿ ಬಂದರೆ ಅರ್ಧ ಗೆದ್ದಂತೆ.

ಮಳೆಗಾಲದ ಪ್ರಶ್ನೆ ಇಲ್ಲೇ ಬರುವುದು. ಸ್ಪ್ರೇ ಲ್ಯಾಕರ್ ಒಣಗುವಾಗ ದ್ರಾವಕ ಬೇಗ ಹಾರಿ ಮೇಲ್ಮೈಯನ್ನು ತಂಪುಮಾಡುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಅಲ್ಲಿ ಮಂಜಾಗಿ ಕೂತು ಕಪ್ಪಿನ ಮೇಲೆ ಬೂಷ್ಟಿನಂಥ ಬಿಳಿ ಮಬ್ಬು ಬರುತ್ತದೆ. ತೇವಾಂಶ ಶೇಕಡಾ 70ಕ್ಕಿಂತ ಮೇಲಿದ್ದಾಗ ಹೊಡೆಯಬೇಡಿ ಅನ್ನುವುದು ಸಾಮಾನ್ಯ ನಿಯಮ. ಜುಲೈ, ಆಗಸ್ಟಿನ ಡೊಂಬಿವಲಿಯಲ್ಲಿ ತೇವಾಂಶ ಅದಕ್ಕಿಂತ ಕೆಳಗಿಳಿಯುವ ಗಳಿಗೆಗಳು ಕಡಿಮೆ. ಹಾಗಾಗಿ ಕೆಲಸದ ಕ್ರಮವನ್ನೇ ಮಳೆಗೆ ಹೊಂದಿಸಿ. ಬಿಚ್ಚುವುದು, ಸ್ಟಿಯರಿಂಗ್, ಜಾಲರಿ, ಕ್ಯಾರಿಯರ್, ಮೀಟರ್, ಪ್ಲೇಟ್ ಎಲ್ಲ ಈಗ ಮಾಡಿ ಮುಗಿಸಿ. ಬಣ್ಣವನ್ನು ಗಣೇಶ ಚತುರ್ಥಿ ಕಳೆದ ಮೇಲೆ ಬಿಸಿಲು ಬಿಟ್ಟ ಮಧ್ಯಾಹ್ನಗಳಿಗೆ ಇಟ್ಟುಕೊಳ್ಳಿ. ಹೊಡೆಯುವ ಮೊದಲು ಲೋಹದ ಮೈಯನ್ನು ಟೇಬಲ್ ಲ್ಯಾಂಪಿನಡಿ ಕೈಗೆ ಬೆಚ್ಚಗೆನ್ನಿಸುವಷ್ಟು ಕಾಯಿಸಿ, ಬಾಲ್ಕನಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಸ್ಪ್ರೇ ಮಾಡಿ, ಒಡನೆಯೇ ಸಿಲಿಕಾ ಜೆಲ್ ಪೊಟ್ಟಣಗಳಿಟ್ಟ ಡಬ್ಬಿಯೊಳಗೆ, ಮುಚ್ಚಳ ಚೂರು ಓರೆಯಾಗಿಟ್ಟು ಸೇರಿಸಿ. ಎಸಿ ಕೋಣೆಯ ಗಾಳಿ ಒಣಗಿದ್ದು ಅಂತ ಒಳಗೆ ಸ್ಪ್ರೇ ಮಾಡಬೇಡಿ. ಆ ಆವಿ ಮನೆಯವರೆಲ್ಲರ ಎದೆಗೆ ಹೋಗುತ್ತದೆ. ಬಟ್ಟೆಯ ಮಾಸ್ಕು ಪೇಂಟಿನ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಇಷ್ಟೆಲ್ಲ ಆಗದು ಅಂದರೆ ನೀರಿನಲ್ಲಿ ಕರಗುವ ಮಾಡೆಲ್ ಅಕ್ರಿಲಿಕನ್ನು ತೆಳ್ಳಗೆ ಮಾಡಿ, ಮೆತ್ತನೆಯ ಚಪ್ಪಟೆ ಬ್ರಷ್ಷಿನಲ್ಲಿ ನಾಲ್ಕೈದು ಕೋಟು ಹಚ್ಚಿ. ಹೊಳಪು ಸ್ವಲ್ಪ ಕಡಿಮೆಯಾದರೂ ಮಬ್ಬು ಬರುವುದಿಲ್ಲ.

ಬಂಪರ್, ಕಿಟಕಿಯ ಅಂಚು, ಪಕ್ಕದ ಪಟ್ಟಿಗಳ ಬೆಳ್ಳಿ ಹೊಳಪಿಗೆ ಕ್ರೋಮ್ ಪೆನ್ ಸಾಕು. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಮುಗಿದ ಮೇಲೆ, ಕೊನೆಗೆ ಹಚ್ಚಿ. ಕ್ರೋಮಿನ ಮೇಲೆ ಕ್ಲಿಯರ್ ಹೊಡೆದರೆ ಅದು ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ಇಳಿಯುತ್ತದೆ.

ಇನ್ನು ಟ್ಯಾಕ್ಸಿಯನ್ನು ಟ್ಯಾಕ್ಸಿ ಮಾಡುವ ವಸ್ತುಗಳು. ಮೇಲಿನ ಕ್ಯಾರಿಯರಿಗೆ ಅರ್ಧ ಮಿಲಿಮೀಟರಿನ ಹಿತ್ತಾಳೆ ತಂತಿ ಸರಿಯಾದ ಅಳತೆ. ಇಮಿಟೇಶನ್ ಒಡವೆ ಮಾಡುವವರ ಬಳಿ ಸಿಗುತ್ತದೆ. ಕಾಗದದ ಮೇಲೆ ನಕ್ಷೆ ಬರೆದು, ತಂತಿಯನ್ನು ಅದರ ಮೇಲೆ ಟೇಪಿನಿಂದ ಹಿಡಿದಿಟ್ಟು, ಕೂಡಿಕೆಗಳಿಗೆ ಸೂಜಿಯ ತುದಿಯಿಂದ ಒಂದೊಂದು ಚುಕ್ಕೆ ಸೂಪರ್ ಗ್ಲೂ. ಆದರೆ ಗಾಜುಗಳನ್ನು ಕೂರಿಸುವಾಗ ಸೂಪರ್ ಗ್ಲೂ ಹತ್ತಿರವೂ ತರಬೇಡಿ, ಅದರ ಆವಿಯೇ ಪಾರದರ್ಶಕ ಪ್ಲಾಸ್ಟಿಕ್ಕನ್ನು ಬೆಳ್ಳಗಾಗಿಸುತ್ತದೆ. ಅಲ್ಲಿಗೆ ಫೆವಿಕಾಲೇ ಸರಿ.

ಮೀಟರ್ ಎಡಗಡೆ, ಗಾಜಿನ ಹೊರಗೆ, ಎಲ್ಲರಿಗೂ ಕಾಣುವಂತೆ ಇರುತ್ತಿತ್ತು. ಬಾವುಟದಂಥ ತಗಡನ್ನು ತಿರುಗಿಸಿ ಕೆಳಗಿಳಿಸುವ, ಟಿಕ್ ಟಿಕ್ ಅನ್ನುವ ಯಾಂತ್ರಿಕ ಮೀಟರು. ನಿಮ್ಮ ಮಾವ ಎಷ್ಟು ಸಾವಿರ ಸಲ ಎಡಗೈ ಚಾಚಿ ಅದನ್ನು ಇಳಿಸಿದ್ದಾರೋ! ಎರಡು ಪ್ಲಾಸ್ಟಿಕ್ ತುಂಡು ಸೇರಿಸಿ ಡಬ್ಬಿ ಮಾಡಿ, ಮೂಲೆಗಳನ್ನು ಅರದಿಂದ ಗುಂಡಾಗಿಸಿ. ಅಳತೆಗೆ ಫೋಟೋದಲ್ಲಿ ಮೀಟರು ಹೆಡ್‌ಲೈಟಿನ ಎಷ್ಟು ಪಾಲು ಕಾಣುತ್ತದೆ ನೋಡಿ, ಮಾದರಿಯ ಹೆಡ್‌ಲೈಟಿಗೂ ಅದೇ ಪಾಲು ಹಿಡಿಯಿರಿ. ಬಾವುಟಕ್ಕೆ ಮಾತ್ರೆಯ ಹಾಳೆಯ ಹಿಂದಿನ ಫಾಯಿಲ್ ಚೂರು ಸಾಕು. ಎತ್ತಿಟ್ಟರೆ ಗಾಡಿ ಖಾಲಿ, ಇಳಿಸಿದರೆ ಸವಾರಿ ಕೂತಿದೆ ಅಂತ ಅರ್ಥ. ಯಾವುದಿಡಬೇಕು ಅನ್ನುವುದನ್ನು ಯೋಚಿಸಿಯೇ ಇಡಿ. ಅವರು ಅದನ್ನು ಓದುತ್ತಾರೆ.

ನಂಬರ್ ಪ್ಲೇಟಿಗೆ ಬರೋಣ. ಉದ್ದನೆಯ ಪ್ಲೇಟ್ 500 ಕ್ಕೆ 120 ಮಿಲಿಮೀಟರ್, ಅಕ್ಷರದ ಎತ್ತರ 65 ಅನ್ನುವುದು ಕಾರುಗಳ ಅಳತೆ. 43ರಿಂದ ಭಾಗಿಸಿದರೆ ಪ್ಲೇಟ್ 11.6 ಕ್ಕೆ 2.8, ಅಕ್ಷರ ಒಂದೂವರೆ ಮಿಲಿಮೀಟರ್. ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಈ ಅಳತೆಗೆ ಬರೆದು, ಒಂದೇ 4 ಕ್ಕೆ 6 ಇಂಚಿನ ಫೋಟೋದಲ್ಲಿ ಹತ್ತಾರು ಪ್ಲೇಟ್ ಜೋಡಿಸಿ, ಫೋಟೋ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ. 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಪ್ರಿಂಟಿನಲ್ಲಿ, ಒಂದೂವರೆ ಮಿಲಿಮೀಟರಿಗೆ ಹದಿನೇಳು ಹದಿನೆಂಟು ಚುಕ್ಕೆ ಸಿಗುತ್ತವೆ, ಓದಲು ಸಾಕು. ಫೋಟೋ ಕಾಗದ ದಪ್ಪ. ಹಿಂದಿನ ಪದರವನ್ನು ಸಿಪ್ಪೆಯಂತೆ ಸುಲಿದು, ಕತ್ತರಿಸಿದ ಬಿಳಿ ಅಂಚಿಗೆ ಸ್ಕೆಚ್ ಪೆನ್ ತಾಗಿಸಿ ಅಂಟಿಸಿ.

ಪ್ಲೇಟಿನ ಬಣ್ಣದಲ್ಲಿ ಎಚ್ಚರ. ಬಾಡಿಗೆ ಗಾಡಿಗೆ ಹಳದಿ ಪ್ಲೇಟು ಅನ್ನುವುದು ಈಗಿನ ರೂಢಿ. ಹಳೆಯ ಕಾಲದಲ್ಲಿ ಖಾಸಗಿ ಗಾಡಿಗೆ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ, ಬಾಡಿಗೆ ಗಾಡಿಗೆ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ ಇರುತ್ತಿತ್ತು. ಎಂಎಚ್-01 ಅಂದರೆ ತಾಡದೇವ್, 02 ಅಂಧೇರಿ, 03 ವಡಾಲ. ಮಾವನ ಗಾಡಿ ಎಂಎಚ್ ಸರಣಿಗೂ ಹಿಂದಿನದಾಗಿದ್ದರೆ ಮೂರಕ್ಷರದ ಹಳೆಯ ನಂಬರಿರುತ್ತದೆ. ಫೋಟೋ ಹೇಳಿದ್ದೇ ಅಂತಿಮ. ನಂಬರನ್ನು ಮಾತ್ರ ಇಬ್ಬರಿಂದ ಕೇಳಿ ಖಚಿತ ಮಾಡಿಕೊಳ್ಳಿ. ಒಂದಂಕಿ ತಪ್ಪಿದರೆ ಅದು ಬೇರೆಯವರ ಗಾಡಿ.

ಹಿಂದಿನ ಗಾಜಿನ ಬರಹ ಕನ್ನಡದಲ್ಲಿದ್ದರೆ, ಉದಾಹರಣೆಗೆ ಕುಂದಾಪುರದ ಕಡೆಯವರಾದ್ದರಿಂದ ‘ಶ್ರೀ ಮೂಕಾಂಬಿಕಾ ಪ್ರಸನ್ನ’ ಅಂತಿದ್ದರೆ, ಅಳತೆಯ ಹಟ ಸ್ವಲ್ಪ ಬಿಡಬೇಕು. ಇಂಗ್ಲಿಷ್ ಅಂಕಿ ಒಂದೂವರೆ ಮಿಲಿಮೀಟರಿನಲ್ಲಿ ಓದಬಹುದು. ನಮ್ಮ ‘ಶ್ರೀ’ಯ ಸುತ್ತು, ‘ನ್ನ’ದ ಒತ್ತು ಅಷ್ಟರಲ್ಲಿ ಮುದ್ದೆಯಾಗುತ್ತವೆ. ಒತ್ತನ್ನು ಲೆಕ್ಕಕ್ಕೆ ಸೇರಿಸದೆ ಅಕ್ಷರದ ಎತ್ತರವನ್ನು ಎರಡು ಮಿಲಿಮೀಟರಿಗಿಂತ ಕಡಿಮೆ ಮಾಡಬೇಡಿ, ಗೆರೆ ತೆಳ್ಳಗಿರುವ ಫಾಂಟ್ ಆರಿಸಿ. ಮಾದರಿಯ ಹಿಂದಿನ ಗಾಜಿನಲ್ಲಿ ಅಷ್ಟು ಜಾಗ ಇರುತ್ತದೆ. ಸಾಮಾನ್ಯ ಪ್ರಿಂಟರು ಬಿಳಿ ಶಾಯಿ ಹಾಕುವುದಿಲ್ಲ, ಪಾರದರ್ಶಕ ಡೆಕಾಲ್ (ಅಂಟಿಸುವ ತೆಳು ಹಾಳೆ) ಮೇಲೆ ಹಳದಿ ಅಕ್ಷರವೂ ಕಾಣುವುದಿಲ್ಲ. ಆದ್ದರಿಂದ ಕೆಂಪೋ ಹಸಿರೋ ಹಿನ್ನೆಲೆಯ ಪಟ್ಟಿಯ ಮೇಲೆ ಅಕ್ಷರ ಬರುವಂತೆ ಫೋಟೋ ಕಾಗದದಲ್ಲೇ ಪ್ರಿಂಟ್ ಹಾಕಿಸಿ, ಗಾಜಿನ ಒಳಗಿನಿಂದ ಮೇಲಂಚಿಗೆ ಅಂಟಿಸಿ. ಒಳಗಿನಿಂದ ಅಂಟಿಸಿದ್ದಕ್ಕೆ ಧೂಳೂ ಕೂರುವುದಿಲ್ಲ.

ಸೀಟು ಮತ್ತು ಒಳಛಾವಣಿಗೆ ಮುಂಬಯಿ ಟ್ಯಾಕ್ಸಿಗಳಲ್ಲಿ ಹೂಬಳ್ಳಿಯ, ಬಣ್ಣಬಣ್ಣದ ರೆಕ್ಸಿನ್ ಹೊದಿಸುವುದು ರೂಢಿ. ಅತ್ತೆ ಹೇಳಿದ ಬಣ್ಣದ ಸಣ್ಣ ಚಿತ್ತಾರ ಪ್ರಿಂಟ್ ಹಾಕಿ ಸೀಟಿಗೆ ಅಂಟಿಸಿ. ಬಂಪರಿನಡಿ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟುತ್ತಿದ್ದರೇ? ನಿಂಬೆ ಈ ಅಳತೆಯಲ್ಲಿ ಒಂದು ಮಿಲಿಮೀಟರ್, ಅಂದರೆ ಸರಿಯಾಗಿ ಒಂದು ಗಸಗಸೆ ಕಾಳು. ಹಳದಿ ಬಳಿದು, ಕಪ್ಪು ದಾರದ ಒಂದೆಳೆಗೆ ಅಂಟಿಸಿ, ಹಸಿರು ಬಣ್ಣ ತಾಗಿಸಿದ ಬ್ರಷ್ಷಿನ ಕೂದಲನ್ನು ಮೆಣಸಿನಕಾಯಿಯಾಗಿ ಕತ್ತರಿಸಿಡಿ. ಇಂಥದ್ದು ಒಂದಿದ್ದರೆ ಚೆಂದ. ಎಲ್ಲವನ್ನೂ ತುರುಕಿದರೆ ಗಾಡಿ ಕಾಣುವುದಿಲ್ಲ.

ತುಕ್ಕು, ಕೊಳೆಯ ಬಗ್ಗೆ ಕೇಳಿದ್ದೀರಿ. ಬೇಡವೇ ಬೇಡ. ಮಾಡೆಲ್ ಮಾಡುವವರಲ್ಲಿ ಹಳತಾಗಿಸುವುದು ಒಂದು ದೊಡ್ಡ ಕಲೆ, ನನಗೂ ಇಷ್ಟವೇ. ಆದರೆ ಅದು ಯಾರದೋ ಹಳ್ಳಿಯ ಲಾರಿಗೆ, ಪಾಳುಬಿದ್ದ ಜೀಪಿಗೆ. ಸ್ವಂತ ಗಾಡಿಯ ಚಾಲಕರು ಬೆಳಗ್ಗೆ ಎದ್ದು ಬಕೆಟ್ ನೀರಲ್ಲಿ ಗಾಡಿ ತೊಳೆದು, ಬಟ್ಟೆ ಹಿಡಿದು ಒರೆಸಿ, ಊದುಬತ್ತಿ ಹಚ್ಚಿ ಆಮೇಲೆ ರಸ್ತೆಗಿಳಿಯುತ್ತಿದ್ದವರು. ಅವರ ದುಡಿಮೆಯ ಗಾಡಿಗೆ ತುಕ್ಕು ಹಚ್ಚಿ ಕೊಟ್ಟರೆ ಮನಸ್ಸಿಗೆ ನೋವಾಗುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಟೈರಿನ ಹೊಸ ಹೊಳಪನ್ನು ವಾಟರ್ ಪೇಪರಿನಿಂದ ಸ್ವಲ್ಪ ಕೊಂದು ಬಿಡಿ, ಗಾಡಿಗೆ ತೂಕ ಬಂದಂತೆ ಕಾಣುತ್ತದೆ. ಒಂದು ಹಬ್‌ಕ್ಯಾಪ್ ಯಾವಾಗಲೂ ಇರುತ್ತಿರಲಿಲ್ಲ ಅನ್ನುವಂಥ, ಮನೆಯವರೆಲ್ಲ ನೆನೆದು ನಗುವ ಗುರುತಿದ್ದರೆ ಅದನ್ನು ಉಳಿಸಿ. ಅಪಘಾತದ ಡೆಂಟು ಬೇಡ.

ಆಯುಧಪೂಜೆಗೆ ಅಂತ ಆರಿಸಿದ್ದು ಬಹಳ ಒಳ್ಳೆಯದಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದದ್ದು. ಇಪ್ಪತ್ತು ವರ್ಷದ ಮಿತಿ ತುಂಬಿ, 2023ರ ಅಕ್ಟೋಬರ್ 30ರಿಂದ ಈ ಊರಿನ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಮಾವನಂಥವರಿಗೆ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡಲು ಗಾಡಿಯೇ ಇಲ್ಲವಾಗಿದೆ. ಹಾಗಾಗಿ ಬಾನೆಟ್ಟಿನ ಮೇಲೆ ಎರಡು ಕೋಟು ಕ್ಲಿಯರ್ ಹೆಚ್ಚಿಗೆ ಇರಲಿ. ಅವರು ಕುಂಕುಮ ಹಚ್ಚಿಯೇ ಹಚ್ಚುತ್ತಾರೆ, ಒರೆಸಿದಾಗ ಬಣ್ಣಕ್ಕೆ ಕಲೆಯಾಗಬಾರದು.

ಪೀಠದ ಮೇಲೆ ಏನು ಬರೆಸಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಪ್ರೀತಿಯ ಮಾವನಿಗೆ’ ಬೇಡ. ಅವರ ಬ್ಯಾಜ್ ನಂಬರು, ಅವರು ಗಾಡಿ ನಿಲ್ಲಿಸುತ್ತಿದ್ದ ಸ್ಟ್ಯಾಂಡಿನ ಹೆಸರು, ಗಾಡಿ ಕೊಂಡ ವರ್ಷ, ಗಾಡಿ ಹೋದ ವರ್ಷ. ಇಷ್ಟೇ ಹಿತ್ತಾಳೆಯ ತಗಡಿನ ಮೇಲೆ ಕೆತ್ತಿಸಿ. ಮಾದರಿಯನ್ನು ಪೀಠಕ್ಕೆ ಸ್ಕ್ರೂ ಹಾಕುವಾಗ ತಳದಡಿ ಒಂದು ತೆಳ್ಳನೆಯ ವಾಷರ್ ಕೊಟ್ಟು, ಟೈರುಗಳು ಪೀಠಕ್ಕೆ ಒತ್ತದಂತೆ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿ. ಮೆತ್ತನೆಯ ಟೈರಿನೊಳಗಿನ ಎಣ್ಣೆಯಂಥ ರಾಸಾಯನಿಕ ವರ್ಷಗಟ್ಟಲೆ ತಾಗಿದರೆ ಪ್ಲಾಸ್ಟಿಕ್ ಪೀಠವನ್ನು ಕರಗಿಸಿ ಗುಳಿ ಮಾಡುತ್ತದೆ. ಮೇಲಿನ ಅಕ್ರಿಲಿಕ್ ಮುಚ್ಚಳವನ್ನು ಬಿಡದೆ ಹಾಕಿ. ಕರಾವಳಿಯ ಉಪ್ಪುಗಾಳಿಗೂ ರಕ್ಷಣೆ, ಮೊಮ್ಮಕ್ಕಳ ಕೈಗೂ ಎಟುಕದು. ಈ ಸಣ್ಣ ತುಂಡುಗಳು ಚಿಕ್ಕ ಮಕ್ಕಳ ಬಾಯಿಗೆ ಹೋಗಬಾರದು.

ಕೊನೆಯ ಕೋಟು ಆದ ಮೇಲೆ ಎರಡು ವಾರವಾದರೂ ಬಿಡಿ. ಮೂಗಿನ ಹತ್ತಿರ ಹಿಡಿದರೆ ಪೇಂಟಿನ ವಾಸನೆ ಬರುತ್ತಿದ್ದರೆ ಅದು ಇನ್ನೂ ಗಟ್ಟಿಯಾಗಿಲ್ಲ. ಅಂಥದ್ದನ್ನು ಬಬಲ್ ರ‍್ಯಾಪಿನಲ್ಲಿ ಸುತ್ತಿದರೆ ಕಪ್ಪಿನ ಮೇಲೆಲ್ಲ ಗುಳ್ಳೆಯ ಅಚ್ಚು ಬೀಳುತ್ತದೆ. ಮತ್ಸ್ಯಗಂಧ ರೈಲಿನಲ್ಲಿ ಒಯ್ಯುವುದಾದರೆ ಮುಚ್ಚಳ ಹಾಕಿದ ಪೀಠವನ್ನೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಬಟ್ಟೆ ತುಂಬಿ, ಮುಚ್ಚಳದ ಒಳಗೆ ಗಾಡಿಗೆ ಏನೂ ತಾಗದಂತೆ ನೋಡಿಕೊಳ್ಳಿ, ಸೀಟಿನಡಿ ತಳ್ಳದೆ ಮಡಿಲಲ್ಲೋ ಮೇಲಿನ ಬರ್ತಿನಲ್ಲೋ ಇಟ್ಟುಕೊಳ್ಳಿ. ಕ್ಯಾರಿಯರಿನ ಮೂಲೆ ಬಿಟ್ಟುಕೊಂಡರೆ ಅಲ್ಲೇ ಸರಿಪಡಿಸಲು ಸೂಪರ್ ಗ್ಲೂ ಟ್ಯೂಬೊಂದು ಚೀಲದಲ್ಲಿರಲಿ.